ಕೈ ಲೆಕ್ಕ ಮೊದಲು, ರಾಜೀನಾಮೆ ಆಮೇಲೆ: ಆಫೀಸ್ ಬಿಟ್ಟು ಕರಕುಶಲ ವ್ಯಾಪಾರಕ್ಕೆ ಇಳಿಯುವವರಿಗೆ

ನಾನು 11 ವರ್ಷ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಈಗ ಚನ್ನಪಟ್ಟಣದಲ್ಲಿ ಅರಗಿನ ಕೆಲಸದ ಮನೆ ಅಲಂಕಾರದ ಸಾಮಾನು ಮಾಡಿಸಿ ಮಾರುತ್ತೇನೆ. ಒಣ ಹೂವಿನ ಹೂದಾನಿ, ಬಾಗಿಲಿಗೆ ಮಣಿಗಳ ತೋರಣ, ಕಪಾಟಿನ ಬಾಗಿಲಿನ ದುಂಡು ಹಿಡಿ, ಗೋಡೆಯ ಗೂಟ, ಇಂಥವು.

ಮೊದಲ ಸಲ ಚನ್ನಪಟ್ಟಣಕ್ಕೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಐದು ವರ್ಷದ ಯೋಜನೆ ಇಟ್ಟುಕೊಂಡಿದ್ದೆ. ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಮುಂದೆ ಕೂತಿದ್ದ ಹಿರಿಯರಿಗೆ ನನ್ನ ಹೂದಾನಿಯ ಚಿತ್ರ ತೋರಿಸಿ, "ಅಣ್ಣಾ, ತಿಂಗಳಿಗೆ 500 ಬೇಕಾಗುತ್ತೆ, ಆಗುತ್ತಾ?" ಅಂದೆ. ಅವರು ಚಿತ್ರ ನೋಡಿದರು, ಮರದ ತುಂಡು ಕೈಗೆ ತಗೊಂಡರು. "ಮೇಡಂ, ಇದು ದಿನಕ್ಕೆ ಮೂರು ಆಗುತ್ತೆ. ನಾಲ್ಕು ಮಾಡಿದ್ರೆ ನಾಲ್ಕನೇದು ಚೆನ್ನಾಗಿರಲ್ಲ" ಅಂದರು.

ಆ ಒಂದು ಮಾತಿನಿಂದ ನನ್ನ ಯೋಜನೆಯ ಎಲ್ಲ ಸಂಖ್ಯೆಗಳೂ ಬದಲಾದವು. ಇವತ್ತಿಗೂ ಬೆಲೆ, ಆರ್ಡರ್, ಮನೆ ಖರ್ಚು, ಎಲ್ಲವನ್ನೂ ನಾನು ಲೆಕ್ಕ ಹಾಕುವುದು ಆ 'ದಿನಕ್ಕೆ ಮೂರು' ಇಂದಲೇ. ಕೈ ಕೆಲಸದ ವ್ಯಾಪಾರಕ್ಕೆ ಬರುವ ಆಫೀಸ್ ಜನ ಸಾಮಾನ್ಯವಾಗಿ ಮಾರಾಟದಿಂದ ಯೋಚನೆ ಶುರು ಮಾಡುತ್ತಾರೆ. ನೀವು ಕೈಯಿಂದ ಶುರು ಮಾಡಿ. ಹೇಗೆ ಅಂತ ಕ್ರಮವಾಗಿ ಹೇಳುತ್ತೇನೆ. ನನ್ನ ಉದಾಹರಣೆಗಳು ಚನ್ನಪಟ್ಟಣದವು. ನೀವು ಬಿದರಿ ಲೋಹದ ಕೆಲಸ, ಕಿನ್ನಾಳದ ಮರದ ಬೊಂಬೆ, ನವಲಗುಂದದ ಜಮಖಾನ, ಮಣ್ಣಿನ ಕೆಲಸ ಏನೇ ಆರಿಸಿಕೊಂಡರೂ ಹೆಜ್ಜೆಗಳು ಹೆಚ್ಚು ಕಡಿಮೆ ಇವೇ.

ಹೆಜ್ಜೆ 1: ಒಂದೇ ಕಸುಬು ಹಿಡಿಯಿರಿ, ಅದರ ಸ್ವಭಾವ ಕಲಿಯಿರಿ

'ಕೈಯಿಂದ ಮಾಡಿದ ಚೆಂದದ ವಸ್ತುಗಳು' ಅನ್ನುವುದು ವ್ಯಾಪಾರ ಆಗುವುದಿಲ್ಲ. ಮ್ಯಾಕ್ರಮೆ (ದಾರಕ್ಕೆ ಗಂಟು ಹಾಕಿ ಮಾಡುವ ಅಲಂಕಾರ), ಮೇಣದ ಬತ್ತಿ, ಮರ, ಮಡಕೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟರೆ ಯಾವುದರಲ್ಲೂ ನಿಮಗೆ ಗುಣಮಟ್ಟ ಗೊತ್ತಾಗುವುದಿಲ್ಲ. ಒಂದು ಕಸುಬು ಆರಿಸಿ. ವಾರಕ್ಕೊಮ್ಮೆ ಹೋಗಿ ಬರುವಷ್ಟು ಹತ್ತಿರ ಇರಬೇಕು. ನಾನು ಚನ್ನಪಟ್ಟಣ ಆರಿಸಿದ್ದಕ್ಕೆ ಪ್ರೀತಿ ಒಂದು ಕಾರಣ. ಇನ್ನೊಂದು ಕಾರಣ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ಮನೆ.

ಆಮೇಲೆ ಆ ವಸ್ತುವಿನ ಸ್ವಭಾವ ಕಲಿಯಿರಿ. ಇದಕ್ಕೆ ಕನಿಷ್ಠ ಆರು ತಿಂಗಳು ಕೊಡಿ. ಶನಿವಾರ ಹೋಗಿ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಸಾಧ್ಯವಾದರೆ ನೀವೇ ಲೇತ್ ಮುಂದೆ ಕೂತು ಉಳಿ ಹಿಡಿಯಿರಿ. ನಾನು ಮಾಡಿದ ಮೊದಲ ಮಣಿ ಮೊಟ್ಟೆಯ ಹಾಗಿತ್ತು. ಆದರೆ ಆ ದಿನದಿಂದ ಯಾವ ಆಕಾರ ಸುಲಭ, ಯಾವುದು ಕಷ್ಟ ಅಂತ ಕೈಗೇ ಗೊತ್ತಾಗತೊಡಗಿತು.

ಚನ್ನಪಟ್ಟಣದ ಕೆಲಸಕ್ಕೆ ಮೊದಲಿನಿಂದ ಬಳಸುವುದು ಆಲೆ ಮರ. ಬಿಳಿ ಬಣ್ಣ, ಸಣ್ಣ ಎಳೆ, ನಯವಾಗಿ ಕಡೆಯಬಹುದು. ಕಡಿದ ಮರವನ್ನು ಎರಡು ಮೂರು ತಿಂಗಳು ಒಣಗಿಸಬೇಕು. ಅದು ಲೇತ್‌ನಲ್ಲಿ ತಿರುಗುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ಕೇದಗೆ ಜಾತಿಯ ಗಿಡದ ಒಣ ಗರಿ ಹಿಡಿದು ಉಜ್ಜಿದರೆ ಆ ಹೊಳಪು ಬರುತ್ತದೆ. ಕುಂಚವೂ ಇಲ್ಲ, ಪೇಂಟೂ ಇಲ್ಲ. ಅರಿಶಿನ, ನೀಲಿ, ಕಾಚು ಹೀಗೆ ಗಿಡಮೂಲದ ಬಣ್ಣ ಬಳಸುವವರೂ ಇದ್ದಾರೆ.

ಇಷ್ಟು ತಿಳಿದರೆ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ತಾನಾಗಿ ಹೊಳೆಯುತ್ತದೆ. ಲೇತ್ ತಿರುಗುವುದರಿಂದ ಕೊಡುವುದು ದುಂಡು ಆಕಾರ ಮಾತ್ರ. ಚೌಕದ ಪೆಟ್ಟಿಗೆ ಬೇಕಾದರೆ ಬೇರೆ ಬಡಗಿ ಬೇಕು, ಬೇರೆ ಲೆಕ್ಕ. ಅರಗು ಬಿಸಿಗೆ ಮೆತ್ತಗಾಗುತ್ತದೆ. ಆಲ್ಕೋಹಾಲ್ ತಾಗಿದರೆ ಕರಗುತ್ತದೆ, ಅಂದರೆ ಸ್ಯಾನಿಟೈಸರ್ ಹಾಕಿ ಒರೆಸುವ ಹಾಗಿಲ್ಲ. ಅರಿಶಿನದ ಹಳದಿ ಬಿಸಿಲಿಗೆ ಮಾಸುತ್ತದೆ.

ಇದೆಲ್ಲ ನಾನು ಪೂರ್ತಿ ಕಲಿಯುವ ಮೊದಲೇ ಮಾರಲು ಹೊರಟೆ. ಲೋಟ ಇಡುವ ಕೋಸ್ಟರ್ 40 ಜೋಡಿ ಮಾಡಿಸಿದೆ, ಮೇಲ್ಭಾಗಕ್ಕೂ ಅರಗು ಹಚ್ಚಿಸಿದೆ. ನೋಡಲು ತುಂಬ ಚೆನ್ನಾಗಿದ್ದವು. ಕೊಂಡವರು ಬಿಸಿ ಕಾಫಿ ಲೋಟ ಇಟ್ಟರು, ಲೋಟ ಅಂಟಿಕೊಂಡಿತು, ಎತ್ತಿದರೆ ಉಂಗುರದ ಗುರುತು. ಒಬ್ಬೊಬ್ಬರಿಗೂ ಫೋನ್ ಮಾಡಿ ಹಣ ವಾಪಸ್ ಕೊಟ್ಟೆ. ಆ ಅಣ್ಣನ ಹತ್ತಿರ ಹೇಳಿದಾಗ, "ನೀವು ಕೇಳಿದ್ರೆ ಹೇಳ್ತಿದ್ದೆ ಮೇಡಂ, ಮೇಲುಗಡೆ ಬರೀ ಮರ ಬಿಡಬೇಕು, ಅಂಚಿಗೆ ಮಾತ್ರ ಅರಗು" ಅಂದರು. ಕೇಳುವುದನ್ನು ನಾನು ಕಲಿತದ್ದು ಆಮೇಲೆ. ನಿಮ್ಮ ಪ್ರತಿ ಹೊಸ ವಿನ್ಯಾಸವನ್ನೂ ಮಾಡುವವರ ಮುಂದಿಟ್ಟು, "ಇದರಲ್ಲಿ ಏನು ಕೆಡಬಹುದು?" ಅಂತ ಕೇಳಿ. ಆಮೇಲೆ ಅದನ್ನು ಎರಡು ತಿಂಗಳು ನಿಮ್ಮ ಮನೆಯಲ್ಲೇ ಬಳಸಿ ನೋಡಿ.

ಹೆಜ್ಜೆ 2: ಕೈ ಲೆಕ್ಕ

ಇದು ಇಡೀ ಲೇಖನದ ಮುಖ್ಯ ಭಾಗ. ಪೆನ್ನು, ಕಾಗದ ತಗೊಳ್ಳಿ.

ಮೊದಲ ಪ್ರಶ್ನೆ, ಒಬ್ಬರು ದಿನಕ್ಕೆ ಎಷ್ಟು ಮಾಡುತ್ತಾರೆ? ಬಾಯಿ ಮಾತಿಗೆ ಬರೆದುಕೊಳ್ಳಬೇಡಿ. ಒಂದು ವಾರ ಕೂತು ಎಣಿಸಿ. ಕರೆಂಟ್ ಹೋದ ಹೊತ್ತು, ಮರ ಸೀಳಿದ್ದು, ಮನೆಗೆ ನೆಂಟರು ಬಂದದ್ದು, ಎಲ್ಲ ಸೇರಿಸಿಯೇ ಎಣಿಸಿ.

ಎರಡನೇ ಪ್ರಶ್ನೆ, ಒಂದು ವಸ್ತು ನಿಮಗೆ ನಿಜಕ್ಕೂ ಎಷ್ಟಕ್ಕೆ ಬೀಳುತ್ತದೆ? ಒಂಬತ್ತು ಅಂಗುಲದ ಹೂದಾನಿಯ ಒಂದು ಉದಾಹರಣೆ ಹಾಕುತ್ತೇನೆ. ಸಂಖ್ಯೆಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮವು ಬೇರೆ ಇರುತ್ತವೆ. ಮರಕ್ಕೆ 150 ರೂಪಾಯಿ. ಅರಗು, ಬಣ್ಣಕ್ಕೆ 50. ದಿನಕ್ಕೆ 1,200 ಕೂಲಿ, ಮೂರು ಹೂದಾನಿ ಅಂದರೆ ಒಂದಕ್ಕೆ 400. ಇಲ್ಲಿಗೆ 600 ಆಯಿತು. ಹತ್ತಕ್ಕೆ ಒಂದು ಸೀಳುತ್ತದೆ ಅಥವಾ ಬಣ್ಣ ಕೆಡುತ್ತದೆ, ಅದಕ್ಕೆ 60. ಪ್ಯಾಕಿಂಗ್‌ಗೆ 80. ಒಟ್ಟು 740.

ಬಹಳ ಜನ ಇಲ್ಲಿಗೆ ನಿಲ್ಲಿಸಿ, "740 ಬಿತ್ತು, 1,100ಕ್ಕೆ ಮಾರೋಣ" ಅನ್ನುತ್ತಾರೆ. ಹೀಗೆ ಮಾಡಿದವರು ಎರಡು ವರ್ಷ ಬಿಡುವಿಲ್ಲದೆ ದುಡಿದು, ಕೈಯಲ್ಲಿ ಏನೂ ಉಳಿಯದೆ ಮತ್ತೆ ಕೆಲಸ ಹುಡುಕಿದ್ದನ್ನು ನಾನು ನೋಡಿದ್ದೇನೆ. ಯಾಕೆಂದರೆ ನಿಮ್ಮ ಸಮಯ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಫೋಟೋ ತೆಗೆದದ್ದು, ಪ್ಯಾಕ್ ಮಾಡಿದ್ದು, ಗಿರಾಕಿಗಳ ಪ್ರಶ್ನೆಗೆ ಉತ್ತರ ಕೊಟ್ಟದ್ದು. ಅದಕ್ಕೆ 160 ಇಡಿ. ಬಾಡಿಗೆ, ಓಡಾಟ, ಫೋನ್, ಆಡಿಟರ್ ಫೀಸಿನ ಪಾಲು 100. ಈಗ ಸರಿಯಾಗಿ 1,000. ಇದರ ಮೇಲೆ 20 ಶೇಕಡಾ ಲಾಭ ಇಟ್ಟರೆ 1,200. ಇದು ನೀವು ಅಂಗಡಿಗೆ ಕೊಡುವ ಬೆಲೆ. ಅಂಗಡಿಯವರು ಮಾರುವ ಬೆಲೆಯಲ್ಲಿ 40 ಶೇಕಡಾ ತಾವು ಇಟ್ಟುಕೊಳ್ಳುತ್ತಾರೆ ಅಂದುಕೊಂಡರೆ ಗಿರಾಕಿಗೆ 2,000. ಜಿಎಸ್‌ಟಿ ಬೇರೆ.

ನೀವೇ ನೇರವಾಗಿ ಮಾರಿದರೂ 2,000ಕ್ಕೇ ಮಾರಬೇಕು. ನೀವು 1,400ಕ್ಕೆ ಕೊಟ್ಟರೆ ಯಾವ ಅಂಗಡಿಯವರೂ ನಿಮ್ಮ ಮಾಲು ಇಡುವುದಿಲ್ಲ, ಅದು ನ್ಯಾಯವೂ ಹೌದು. "ಈ ಮರದ ಹೂದಾನಿಗೆ 2,000 ಯಾರು ಕೊಡುತ್ತಾರೆ?" ಅಂತ ನಿಮಗೇ ಅನಿಸಿದರೆ ಬೆಲೆ ಇಳಿಸಬೇಡಿ, ವಿನ್ಯಾಸ ಬದಲಿಸಿ. ದಿನಕ್ಕೆ ಮೂರರ ಬದಲು ಆರು ಆಗುವ ಸರಳ ಆಕಾರ ಹುಡುಕಿ. ಕೂಲಿಯಲ್ಲಿ ಮಾತ್ರ ಚೌಕಾಸಿ ಬೇಡ.

ಮೂರನೇ ಪ್ರಶ್ನೆ, ಇದರಿಂದ ನನ್ನ ಮನೆ ನಡೆಯುತ್ತಾ? ಒಬ್ಬರು ತಿಂಗಳಿಗೆ 24 ದಿನ ಕೆಲಸ ಮಾಡಿದರೆ 72 ಹೂದಾನಿ. ಅಂಗಡಿಗೆ ಕೊಟ್ಟರೆ ಒಂದರಿಂದ ನಿಮಗೆ ಉಳಿಯುವುದು ನಿಮ್ಮ ಸಮಯದ 160, ಲಾಭದ 200, ಒಟ್ಟು 360. ಎಲ್ಲವೂ ಮಾರಾಟವಾದರೆ 25,920. ನೇರ ಮಾರಾಟದಲ್ಲಿ 2,000 ಬರುತ್ತದೆ, ಆದರೆ ಕೊರಿಯರ್, ಮಳಿಗೆ ಬಾಡಿಗೆ, ಜಾಹೀರಾತು ಅಂತ 350 ಹೋದರೆ ನಿಮಗೆ 810. ಅರ್ಧ ಅಂಗಡಿಗೆ, ಅರ್ಧ ನೇರವಾಗಿ ಮಾರಿದರೆ ಒಬ್ಬರ ಕೆಲಸದಿಂದ ತಿಂಗಳಿಗೆ 42,120. ನಿಮ್ಮ ಮನೆಗೆ 80,000 ಬೇಕಾದರೆ ಇಬ್ಬರು ಕಸುಬುದಾರರಿಗೆ ವರ್ಷವಿಡೀ ಕೆಲಸ ಕೊಡಬೇಕು, ಅಷ್ಟೂ ಮಾಲು ಮಾರಬೇಕು, ಅಂದರೆ ತಿಂಗಳಿಗೆ 144.

ತಿಂಗಳಿಗೆ 144 ಹೂದಾನಿ ಮಾರುವ ದಾರಿ ನಿಮಗೆ ಈಗ ಕಾಣುತ್ತಿದೆಯೇ? ಇಲ್ಲದಿದ್ದರೆ ರಾಜೀನಾಮೆ ಪತ್ರ ಇನ್ನೂ ಡ್ರಾಫ್ಟ್‌ನಲ್ಲೇ ಇರಲಿ.

ಹೆಜ್ಜೆ 3: ಕೆಲಸದಲ್ಲಿದ್ದಾಗಲೇ ಪರೀಕ್ಷೆ ಮಾಡಿ, ಆದರೆ ಕದ್ದು ಮಾಡಬೇಡಿ

ನೇಮಕಾತಿ ಪತ್ರ ತೆಗೆದು ಓದಿ. ಬೇರೆ ವ್ಯವಹಾರ ಮಾಡಬಾರದು ಅಂತ ಬಹುತೇಕ ಕಂಪನಿಗಳು ಬರೆದಿರುತ್ತವೆ. ಕಲಿಯಲು, ಮಾದರಿ ಮಾಡಿಸಲು, ಸ್ನೇಹಿತರಿಗೆ ಉಡುಗೊರೆ ಕೊಡಲು ಅಡ್ಡಿ ಇಲ್ಲ. ಹಣ ತಗೊಂಡು ಮಾರುವ ಮುಂಚೆ ಎಚ್‌ಆರ್‌ಗೆ ಇಮೇಲ್ ಹಾಕಿ, ಲಿಖಿತ ಒಪ್ಪಿಗೆ ತಗೊಳ್ಳಿ. ನಾನು ಕೇಳಿದಾಗ ಎರಡೇ ದಿನದಲ್ಲಿ ಒಪ್ಪಿಗೆ ಬಂತು, ಅಷ್ಟು ಹೆದರುವುದು ಬೇಕಿರಲಿಲ್ಲ. ಕೊಡದಿದ್ದರೆ ನೋಟಿಸ್ ಅವಧಿ ಮುಗಿಯುವವರೆಗೆ ಮಾರಾಟ ಬೇಡ.

ಪರೀಕ್ಷೆ ಅಂದರೆ ಏನು? ನೆಂಟರು, ಸಹೋದ್ಯೋಗಿಗಳು ಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವರು ನಿಮ್ಮ ಮೇಲಿನ ಪ್ರೀತಿಗೆ ಕೊಳ್ಳುತ್ತಾರೆ. ನಿಮ್ಮ ಹೆಸರೂ ಗೊತ್ತಿಲ್ಲದವರು ಪೂರ್ತಿ ಬೆಲೆ ಕೊಟ್ಟು ಕೊಂಡರೆ ಅದು ಮೊದಲ ಗುರುತು. ಅವರೇ ಮತ್ತೆ ಬಂದರೆ, ಅಥವಾ ಗೃಹಪ್ರವೇಶಕ್ಕೆ ಉಡುಗೊರೆ ಕೊಡಲು ಇನ್ನೊಂದು ಕೇಳಿದರೆ ಅದು ಎರಡನೇ ಗುರುತು. ನಾನು ಎರಡನೆಯದಕ್ಕೆ ಕಾದೆ. ಅಪಾರ್ಟ್‌ಮೆಂಟಿನ ಸಂತೆಗಳಲ್ಲಿ ಭಾನುವಾರ ಮೇಜು ಹಾಕಿದರೆ ಇದು ಬೇಗ ತಿಳಿಯುತ್ತದೆ. ಜನ ಯಾವುದನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟರು ಅಂತ ಬರೆದಿಟ್ಟುಕೊಳ್ಳಿ. ಎತ್ತಿ ನೋಡಿ, ಬೆಲೆ ಕೇಳಿ ಇಟ್ಟರೆ ಒಂದು ಕಾರಣ. ಬೆಲೆ ಕೇಳುವ ಮೊದಲೇ ಇಟ್ಟರೆ ಬೇರೆ ಕಾರಣ.

ಹೆಜ್ಜೆ 4: ಸಂಬಳದ ಚೀಟಿ ಇರುವಾಗಲೇ ಮುಗಿಸಬೇಕಾದ ಕೆಲಸಗಳು

ಮನೆಯವರ ಜೊತೆ ಕೂತು ಮಾತಾಡುವುದು ಮೊದಲ ಕೆಲಸ. ಬರೀ ಕನಸು ಹೇಳಬೇಡಿ, ಹೆಜ್ಜೆ 2ರ ಕಾಗದ ಮುಂದಿಡಿ. ನಮ್ಮಮ್ಮನಿಗೆ ನಾನು ಕೆಲಸ ಬಿಡುವುದು ಎಳ್ಳಷ್ಟೂ ಇಷ್ಟ ಇರಲಿಲ್ಲ. ಆ ಕಾಗದ ನೋಡಿದ ಮೇಲೆ "ಹಾಗಾದ್ರೆ ಎರಡು ವರ್ಷ ನೋಡು" ಅಂದರು. ಅವಧಿ ಹಾಕಿಕೊಟ್ಟದ್ದು ಅವರೇ, ಅದು ನನಗೆ ತುಂಬ ಉಪಕಾರವಾಯಿತು.

ಆಮೇಲೆ ಹಣ. ಮನೆ ಖರ್ಚಿನ ಹಣ, ವ್ಯಾಪಾರದ ಹಣ ಎರಡು ಬೇರೆ ಖಾತೆ. ಮನೆಗೆ ಕನಿಷ್ಠ 18 ತಿಂಗಳ ಖರ್ಚು ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. 12 ಸಾಲದು, ಯಾಕೆಂದರೆ ಈ ವ್ಯಾಪಾರದ ದೊಡ್ಡ ಮಾರಾಟ ದಸರಾ, ದೀಪಾವಳಿಗೆ. ಮೊದಲ ಹಬ್ಬದಲ್ಲಿ ನೀವು ಕಲಿಯುತ್ತೀರಿ, ಎರಡನೇ ಹಬ್ಬದಲ್ಲಿ ಗಳಿಸುತ್ತೀರಿ. ಎರಡು ಹಬ್ಬ ದಾಟುವಷ್ಟು ಹಣ ಬೇಕು, ಅಲ್ವಾ?

ಆರೋಗ್ಯ ವಿಮೆ ಮರೆಯಬೇಡಿ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಮೊದಲೇ ಇರುವ ಕಾಯಿಲೆಗಳಿಗೆ ಸ್ವಂತ ಪಾಲಿಸಿಯಲ್ಲಿ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದು. ಹಾಗಾಗಿ ಕೆಲಸದಲ್ಲಿದ್ದಾಗಲೇ ಸ್ವಂತದ್ದು ತಗೊಳ್ಳಿ, ಅಥವಾ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದೆಯೇ ಕೇಳಿ. ಅಪ್ಪ ಅಮ್ಮ ನಿಮ್ಮ ಕಂಪನಿಯ ವಿಮೆಯಲ್ಲಿದ್ದರೆ ಇದು ಇನ್ನೂ ಮುಖ್ಯ.

ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಿಗೆ, ಕಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು. ನಾಲ್ಕೂವರೆ ವರ್ಷ ಆಗಿದ್ದರೆ ಆರು ತಿಂಗಳು ತಡೆಯಿರಿ. ಪಿಎಫ್ ಹಣವನ್ನು ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಪಿಎಫ್ ಮುಟ್ಟಲೇಬೇಡಿ, ಅದು ನಿಮ್ಮ ಮುಪ್ಪಿನ ಹಣ. ಮನೆ ಸಾಲದ ಕಂತು ಕಡಿಮೆ ಮಾಡಿಸುವುದು, ಬ್ಯಾಂಕ್ ಬದಲಾಯಿಸುವುದು ಇದ್ದರೆ ಈಗಲೇ ಮಾಡಿ. ಕೆಲಸ ಬಿಟ್ಟ ಮೇಲೆ ಬ್ಯಾಂಕಿನವರು ವ್ಯಾಪಾರದ ಎರಡು ಮೂರು ವರ್ಷದ ತೆರಿಗೆ ರಿಟರ್ನ್ ಕೇಳುತ್ತಾರೆ.

ಹೆಜ್ಜೆ 5: ಕಾಗದ ಪತ್ರ

ಶುರುವಿಗೆ ಪ್ರೈವೇಟ್ ಲಿಮಿಟೆಡ್ ಬೇಕಿಲ್ಲ. ನಿಮ್ಮ ಪ್ಯಾನ್ ಮೇಲೆ ಏಕ ಮಾಲೀಕತ್ವದ ವ್ಯಾಪಾರ ಸಾಕು. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ನೋಂದಣಿ) ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ, ಆಧಾರ್ ಇದ್ದರೆ ಅರ್ಧ ಗಂಟೆಯ ಕೆಲಸ. ದುಡ್ಡು ಕೇಳುವ ಜಾಲತಾಣಗಳು ಬಹಳ ಇವೆ, ಅಲ್ಲಿಗೆ ಹೋಗಬೇಡಿ. ನೀವೇ ಮಾಡಿಸುತ್ತಿದ್ದರೆ ತಯಾರಿಕೆ ಅಂತಲೇ ನೋಂದಾಯಿಸಿ. ದೊಡ್ಡ ಕಂಪನಿಗಳು ಸಣ್ಣ ತಯಾರಕರಿಗೆ 45 ದಿನದೊಳಗೆ ಹಣ ಕೊಡಬೇಕು ಅನ್ನುವ 2006ರ ಸಣ್ಣ ಉದ್ಯಮಗಳ ಕಾಯಿದೆಯ ರಕ್ಷಣೆ ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಸಿಗುವುದಿಲ್ಲ.

ಜಿಎಸ್‌ಟಿ ವಿಷಯ. ಕರ್ನಾಟಕದಲ್ಲಿ ವಸ್ತುಗಳ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಹೊರ ರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ನೋಂದಣಿ ಬೇಕು. ಆದರೆ ಕರಕುಶಲ ವಸ್ತುಗಳಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ, ಪ್ಯಾನ್ ಮತ್ತು ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಚೀಟಿ) ಇರಬೇಕು. 2023ರ ಅಕ್ಟೋಬರ್‌ನಿಂದ ನೋಂದಣಿ ಇಲ್ಲದ ಸಣ್ಣವರೂ ಆನ್‌ಲೈನ್ ಮಾರಾಟ ತಾಣಗಳಲ್ಲಿ ಮಾರಬಹುದು, ಆದರೆ ರಾಜ್ಯದೊಳಗೆ ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಕರಕುಶಲ ವಸ್ತುಗಳ ತೆರಿಗೆ 12ರಿಂದ 5 ಶೇಕಡಾಕ್ಕೆ ಇಳಿದದ್ದು ನಮ್ಮಂಥವರಿಗೆ ದೊಡ್ಡ ನೆಮ್ಮದಿ. ನಿಮ್ಮ ವಸ್ತು ತೆರಿಗೆ ಪಟ್ಟಿಯ ಯಾವ ಎಚ್‌ಎಸ್‌ಎನ್ ಸಂಖ್ಯೆಯ ಕೆಳಗೆ ಬರುತ್ತದೆ ಅಂತ ಆಡಿಟರ್ ಹತ್ತಿರ ಒಂದು ಸಲ ಕೂತು ಖಚಿತ ಮಾಡಿಕೊಳ್ಳಿ.

ಎರಡು ಎಚ್ಚರಿಕೆ. ಅಲಂಕಾರದ ಸಾಮಾನು ಬೇರೆ, ಆಟಿಕೆ ಬೇರೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಬಿಐಎಸ್ ಗುರುತು ಕಡ್ಡಾಯ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕಸುಬುದಾರರಿಗೆ ಮತ್ತು ಜಿಐ (ಭೌಗೋಳಿಕ ಗುರುತು) ಅಧಿಕೃತ ಬಳಕೆದಾರರಿಗೆ ವಿನಾಯಿತಿ ಉಂಟು. ಮಾಡಿಸಿ ಮಾರುವ ನಿಮಗೆ ಅದು ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಪಟ್ಟಿಯಲ್ಲಿ 'ಮಕ್ಕಳ ಆಟಕ್ಕೆ' ಅಂತ ಸುಮ್ನೆ ಬರೆಯಬೇಡಿ. ಎರಡನೆಯದು, ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಗುರುತು ಇದೆ. ಬೇರೆ ಕಡೆ ಮೆಷಿನ್‌ನಲ್ಲಿ ಕಡೆಸಿ, ಪೇಂಟ್ ಹೊಡೆದು 'ಚನ್ನಪಟ್ಟಣ' ಅಂತ ಮಾರುವುದು ಕಾನೂನಿಗೂ ತಪ್ಪು, ಆ ಊರಿನ ಅನ್ನಕ್ಕೂ ಕಲ್ಲು ಹಾಕಿದ ಹಾಗೆ.

ನಿಮ್ಮ ವ್ಯಾಪಾರದ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಲು ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ. ಹಾಕಿಬಿಡಿ. ಬೀಟೆ ಮರದ ಕೆಲಸ ಮಾಡುವುದಾದರೆ ಮರ ಎಲ್ಲಿಂದ ಬಂತು ಅನ್ನುವ ಬಿಲ್ ಪ್ರತಿ ಸಲ ಇಟ್ಟುಕೊಳ್ಳಿ, ಮುಂದೆ ಹೊರದೇಶಕ್ಕೆ ಕಳಿಸುವಾಗ ಅದು ಬೇಕಾಗಬಹುದು.

ಹೆಜ್ಜೆ 6: ಮಾಡುವವರ ಜೊತೆ ವ್ಯವಹಾರ

ನಾನು ಕೆಲಸ ಬಿಟ್ಟ ಮೊದಲ ವರ್ಷ ಒಂದು ಕಂಪನಿಯಿಂದ ದೀಪಾವಳಿ ಉಡುಗೊರೆಗೆ 600 ಪೆನ್ ಸ್ಟ್ಯಾಂಡ್ ಆರ್ಡರ್ ಬಂತು. 20 ದಿನದ ಗಡುವು. ನಾನು ಕುಣಿದಾಡಿಬಿಟ್ಟೆ. ಅಣ್ಣ "ಆಗಲ್ಲಮ್ಮ, ಒಣಗಿದ ಮರ ಅಷ್ಟಿಲ್ಲ" ಅಂದರು. ಹಟ ಹಿಡಿದೆ. ಐದು ಮನೆಗಳಿಗೆ ಹಂಚಿ, ಪೂರ್ತಿ ಒಣಗದ ಮರದಲ್ಲೇ ಮಾಡಿಸಿದೆ. ಕಳಿಸುವ ದಿನ ಚೆನ್ನಾಗಿದ್ದವು. ಎಸಿ ಆಫೀಸಿನಲ್ಲಿ ಮೂರು ವಾರ ಇಟ್ಟ ಮೇಲೆ ನೂರಕ್ಕೂ ಜಾಸ್ತಿ ಸೀಳು ಬಿಟ್ಟವು. ಆ ಕಂಪನಿ ಹಣ ಹಿಡಿಯಿತು. ಕೈ ಎಷ್ಟು ಮಾಡುತ್ತದೆ ಅಂತ ಗೊತ್ತಿದ್ದೂ ಲೆಕ್ಕ ಮೀರಿದ್ದು ನಾನು. ಕೂಲಿ ಮಾತ್ರ ಎಲ್ಲರಿಗೂ ಪೂರ್ತಿ ಕೊಟ್ಟೆ. ಅದಕ್ಕೇ ಇವತ್ತಿಗೂ ಆ ಐದು ಮನೆಯ ಬಾಗಿಲು ನನಗೆ ತೆರೆದಿದೆ.

ಆಮೇಲೆ ನಾನು ಮಾಡಿಕೊಂಡ ಕ್ರಮ ಇದು. ಆರ್ಡರ್ ಕೊಡುವಾಗ ಅರ್ಧ ಅಡ್ವಾನ್ಸ್, ಮಾಲು ಎತ್ತುವ ದಿನವೇ ಉಳಿದದ್ದು. ನನಗೆ ಅಂಗಡಿಯಿಂದ ಹಣ ಬರುವುದು 60 ದಿನಕ್ಕಾದರೂ ಅವರು ಕಾಯಬೇಕಿಲ್ಲ. ಆ ನಡುವಿನ ಹಣ ಹಾಕುವುದೇ ವ್ಯಾಪಾರದಲ್ಲಿ ನನ್ನ ಬಂಡವಾಳ. ಹಾಳಾದ ಪೀಸ್ ಮರದ ದೋಷದಿಂದಾದರೆ ನನ್ನ ಲೆಕ್ಕಕ್ಕೆ. ಹೊಸ ವಿನ್ಯಾಸದ ಮೊದಲ ಮಾದರಿಗೆ ಪೀಸ್ ರೇಟ್ ಇಲ್ಲ, ದಿನಗೂಲಿ. ಮಾದರಿ ಮಾಡುವಾಗ ಅವರು ತಲೆ ಓಡಿಸುತ್ತಾರೆ, ಅದಕ್ಕೆ ಬೆಲೆ ಕಟ್ಟಬೇಕಲ್ಲ. ವಿನ್ಯಾಸದ ಅಳತೆಯನ್ನು ಕಾಗದದಲ್ಲಿ ಕೊಡುವುದರ ಜೊತೆಗೆ ಒಂದು ಮಾದರಿ ಪೀಸ್ ಅವರ ಮನೆಯಲ್ಲೇ ಬಿಡಿ. ಕೈ ಅದನ್ನು ನೋಡಿ ಕೆಲಸ ಮಾಡುತ್ತದೆ.

ನಿಮಗೆ ಅರ್ಜಿ ತುಂಬುವುದು, ಆನ್‌ಲೈನ್ ಕೆಲಸ ಚೆನ್ನಾಗಿ ಬರುತ್ತದೆ. ಅದನ್ನು ಅವರಿಗೆ ಬಳಸಿ. ಕೇಂದ್ರ ಸರ್ಕಾರದ ಕರಕುಶಲ ಇಲಾಖೆಯ ಪೆಹಚಾನ್ ಕಾರ್ಡ್ (ಕಸುಬುದಾರರ ಗುರುತಿನ ಚೀಟಿ) ಮಾಡಿಸಿಕೊಡಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೊಂಬೆ ಮಾಡುವವರೂ ಬಡಗಿಗಳೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿ, ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ ಸಿಗುತ್ತದೆ. ಒಂದು ಮಧ್ಯಾಹ್ನ ಕೂತು ಇಬ್ಬರ ಅರ್ಜಿ ಹಾಕಿಸಿ. ಅದು ಉಪಕಾರ ಅಂತಲ್ಲ, ಅವರ ಲೇತ್ ಚೆನ್ನಾಗಿದ್ದರೆ ನಿಮ್ಮ ಮಾಲೂ ಚೆನ್ನಾಗಿರುತ್ತದೆ.

ಹೆಜ್ಜೆ 7: ಮಾರುವುದು, ಕಳಿಸುವುದು

ಅಂಗಡಿಯವರು ಎರಡು ಥರ. ದುಡ್ಡು ಕೊಟ್ಟು ಕೊಳ್ಳುವವರು, ಮತ್ತು 'ಇಟ್ಟು ಹೋಗಿ, ಮಾರಿದ ಮೇಲೆ ಕೊಡುತ್ತೇವೆ' ಅನ್ನುವವರು. ಎರಡನೆಯವರ ಹತ್ತಿರ ಹತ್ತು ಪೀಸ್‌ಗಿಂತ ಜಾಸ್ತಿ ಇಡಬೇಡಿ, ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ನಡೆಯುವ ಕರಕುಶಲ ಮೇಳಗಳಿಗೆ ಮೊದಲು ಗಿರಾಕಿಯಾಗಿ ಹೋಗಿ ಬನ್ನಿ. ನಿಮ್ಮಂಥದೇ ಮಾಲು ಎಷ್ಟು ಮಳಿಗೆಯಲ್ಲಿದೆ, ಬೆಲೆ ಎಷ್ಟು, ಜನ ಯಾವ ಹೊತ್ತಿಗೆ ಬರುತ್ತಾರೆ ಅಂತ ನೋಡಿ. ಆಮೇಲೆ ಮಳಿಗೆ ಹಿಡಿಯಿರಿ.

ಫೋಟೋಗೆ ದುಬಾರಿ ಕ್ಯಾಮೆರಾ ಬೇಡ, ಬೆಳಗಿನ ಕಿಟಕಿ ಬೆಳಕು ಸಾಕು. ಅರಗಿನ ಕೆಂಪು ಟ್ಯೂಬ್‌ಲೈಟಿನಲ್ಲಿ ಬೇರೆಯೇ ಕಾಣುತ್ತದೆ, ಬಣ್ಣ ಬೇರೆ ಅಂತ ವಾಪಸ್ ಬರುತ್ತದೆ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಸ್ಟೀಲ್ ಲೋಟ ಇಟ್ಟು ಒಂದು ಚಿತ್ರ ಹಾಕಿ. ಬಳಸುವ ರೀತಿ ಕನ್ನಡದಲ್ಲೂ ಬರೆದ ಚೀಟಿ ಒಳಗಿಡಿ. ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲು ಬೀಳುವ ಕಡೆ ಇಡಬೇಡಿ, ನೀರು ತುಂಬಬೇಡಿ, ಸ್ಯಾನಿಟೈಸರ್ ಬೇಡ. ಡಬ್ಬಿಯ ಮೇಲೆ ಎಂಆರ್‌ಪಿ, ಹೆಸರು, ವಿಳಾಸ, ತಯಾರಾದ ತಿಂಗಳು, ದೂರು ಹೇಳಲು ಫೋನ್ ನಂಬರ್ ಇರಲೇಬೇಕು.

ಕೊರಿಯರ್ ದರ ತೂಕದ ಮೇಲೆ ಮಾತ್ರ ಅಂದುಕೊಳ್ಳಬೇಡಿ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 30×20×20ರ ಡಬ್ಬಿ ಅಂದರೆ 2.4 ಕಿಲೋ, ಒಳಗಿನ ಹೂದಾನಿ ಮುಕ್ಕಾಲು ಕಿಲೋ ಇದ್ದರೂ. ಆದ್ದರಿಂದ ವಿನ್ಯಾಸ ಮಾಡುವಾಗಲೇ ಡಬ್ಬಿ ಯೋಚಿಸಿ. ನಮ್ಮ ತೋರಣ ಚಪ್ಪಟೆ ಡಬ್ಬಿಯಲ್ಲಿ ಮಡಚಿ ಕೂರುತ್ತದೆ. ಕೊರಿಯರ್ ಖರ್ಚು ಕಡಿಮೆ ಇರುವುದರಿಂದ ಹೊರ ಊರಿಗೆ ಅದೇ ಹೆಚ್ಚು ಹೋಗುತ್ತದೆ. ಹೊರದೇಶದ ಕನ್ನಡಿಗರು ಕೇಳತೊಡಗಿದರೆ ರಫ್ತು ಮಾಡಲು ಬೇಕಾದ ಐಇಸಿ ಸಂಖ್ಯೆಗೆ ಆನ್‌ಲೈನ್ ಅರ್ಜಿ ಶುಲ್ಕ 500 ರೂಪಾಯಿ, ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿಂದ (ಅಂಚೆ ರಫ್ತು ಕೇಂದ್ರ) ಕಳಿಸಬಹುದು. ಆಸ್ಟ್ರೇಲಿಯಾಕ್ಕೆ ಮರದ ವಸ್ತು ಕಳಿಸುವ ಮೊದಲು ಅಲ್ಲಿನ ನಿಯಮ ಓದಿ, ತುಂಬ ಬಿಗಿ.

ಹೆಜ್ಜೆ 8: ಮೊದಲ ವರ್ಷವನ್ನು ಹಬ್ಬದಿಂದ ಹಿಂದಕ್ಕೆ ಎಣಿಸಿ

ಆಫೀಸಿನಲ್ಲಿ ವರ್ಷ ಏಪ್ರಿಲ್‌ನಿಂದ ಮುಂದಕ್ಕೆ ಓಡುತ್ತಿತ್ತು. ಇಲ್ಲಿ ದಸರಾದಿಂದ ಹಿಂದಕ್ಕೆ ಎಣಿಸಬೇಕು. ನವರಾತ್ರಿಯ ಬೊಂಬೆ ಕೂರಿಸುವ ಹೊತ್ತಿಗೆ ಜನ ಮನೆ ಸಿಂಗರಿಸಲು ಶುರು ಮಾಡುತ್ತಾರೆ, ದೀಪಾವಳಿ ಮುಗಿಯುವವರೆಗೆ ಕೊಳ್ಳುತ್ತಾರೆ. ಅಂಗಡಿಯವರಿಗೆ ಮಾಲು ಗೌರಿ ಹಬ್ಬದ ಮೊದಲೇ ಬೇಕು. ಅದಕ್ಕೆ ಕಡೆಯುವ ಕೆಲಸ ಜೂನ್‌ನಲ್ಲೇ ಶುರುವಾಗಬೇಕು. ಮಳೆಗಾಲದಲ್ಲಿ ಮರ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ, ಹಾಗಾಗಿ ಮರ ಮಾರ್ಚ್‌ನಿಂದ ಮೇ ತಿಂಗಳ ಬಿಸಿಲುಗಾಲದಲ್ಲಿ ಒಣಗಿ ಸಿದ್ಧವಾಗಿರಬೇಕು.

ಹಾಗಾಗಿ ನೀವು ರಾಜೀನಾಮೆ ಕೊಡುವ ತಿಂಗಳೂ ಇದಕ್ಕೆ ಹೊಂದಬೇಕು. ಜುಲೈನಲ್ಲಿ ಕೆಲಸ ಬಿಟ್ಟು ದೀಪಾವಳಿಗೆ ಮಾರುತ್ತೇನೆ ಅಂದರೆ ಒಣಗಿದ ಮರ ಸಿಗುವುದಿಲ್ಲ, ಒಳ್ಳೆಯ ಕಸುಬುದಾರರ ಕೈ ಬಿಡುವಿರುವುದಿಲ್ಲ. ನನ್ನನ್ನು ಕೇಳುವವರಿಗೆಲ್ಲ ನಾನು ಹೇಳುವುದು ಹೀಗೆ. ಈ ದೀಪಾವಳಿಗೆ ಗಿರಾಕಿಯಾಗಿ ಸುತ್ತಾಡಿ. ಸಂಕ್ರಾಂತಿ ಹೊತ್ತಿಗೆ ಮೂರು ವಿನ್ಯಾಸ ಗಟ್ಟಿ ಮಾಡಿ, ನೋಟಿಸ್ ಕೊಡಿ. ಯುಗಾದಿಗೆ ಮೊದಲು ಮರಕ್ಕೆ ಅಡ್ವಾನ್ಸ್ ಕೊಟ್ಟು, ಅದು ಕಸುಬುದಾರರ ಮನೆಯ ಹಿತ್ತಲಿನಲ್ಲಿ ನೆರಳಲ್ಲಿ ಅಟ್ಟಿ ಹಾಕಿ ಒಣಗಲು ಶುರುವಾಗಿದೆ ಅಂತ ಖುದ್ದು ಹೋಗಿ ನೋಡಿಕೊಂಡು ಬನ್ನಿ.